ಒಂದು ಕೋಣೆ ಕೆಳಗೆ

"ಸುಳ್ಳು ಹೇಳೋದಕ್ಕೂ ಒಂದು ಮಿತಿ ಇರುತ್ತೆ ಅಣ್ಣ! ಮಕ್ಕಳ ತಲೆ ಮೇಲೆ ಕಾಲಿಟ್ಟು ನಿನ್ನ ಮಾನ ಉಳಿಸ್ಕೋತೀಯಾ?"

"ಇಲ್ಲಿ ಅಣ್ಣ ಅನ್ನಬೇಡ ಅಂತ ಎಷ್ಟು ಸಲ ಹೇಳಿದೀನಿ? ಸಾರ್ ಅನ್ನು."

"ಆಯ್ತು ಸಾರ್. ಮಕ್ಕಳ ತಲೆ ಮೇಲೆ ಕಾಲಿಟ್ಟು ನಿಮ್ಮ ಮಾನ ಉಳಿಸ್ಕೋತೀರಾ ಸಾರ್?"

ಹೆಡ್‌ಮಾಸ್ಟರ ಕೋಣೆಯ ಬಾಗಿಲು ಹಾಕಿತ್ತು, ಕಿಟಕಿ ತೆಗೆದಿತ್ತು. ಹೊರಗೆ ಜವಾನ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತ ನಿಂತಿದ್ದ. ಅವನಿಗೆ ನಮ್ಮ ಜಗಳ ಕೇಳಬೇಕಿತ್ತು. ಕೇಳಲಿ ಅಂತಲೇ ನಾನು ಗಂಟಲು ಏರಿಸಿದೆ.

ನನ್ನ ಅಣ್ಣ ನಮ್ಮ ಶಾಲೆಯ ಹೆಡ್‌ಮಾಸ್ಟರು. ನಾನು ನಾಲ್ಕನೇ ಕ್ಲಾಸಿನ ಮೇಷ್ಟ್ರು. ಇಬ್ಬರೂ ಒಂದೇ ಹಳ್ಳಿ ಶಾಲೆಯಲ್ಲಿ, ಒಂದೇ ಬೋರ್ಡಿನ ಮುಂದೆ, ಒಂದೇ ಬೆತ್ತದ ಏಟು ತಿಂದು ಕಲಿತವರು. ಅವನಿಗೆ ಬುದ್ಧಿವಂತ ಅಂತ ಹೆಸರು ಬಂತು, ನನಗೆ ಮುಂಗೋಪಿ ಅಂತ. ಎರಡು ಹೆಸರೂ ಹಳ್ಳಿ ಬಿಟ್ಟು ಈ ಕಾರ್ಖಾನೆ ಊರಿಗೆ ನಮ್ಮ ಬೆನ್ನು ಹತ್ತಿ ಬಂದವು.

ಜಗಳ ಹುಟ್ಟಿದ್ದು ಹೊಸ ಮಾನದಂಡದ ವಿಷಯಕ್ಕೆ. ಆ ವರ್ಷ ದೇಶಕ್ಕೆಲ್ಲ ಒಂದೇ ಕಲಿಕೆಯ ಮಟ್ಟ ಅಂತ ಗೊತ್ತುಮಾಡಿದ್ದರು. ಯಾವ ಊರಿನ ಯಾವ ಶಾಲೆಯೇ ಆಗಲಿ, ಇಂಥ ತರಗತಿಯ ಮಗುವಿಗೆ ಇಷ್ಟು ಬರಬೇಕು. ನಾಲ್ಕನೇ ತರಗತಿಯ ಮಗು ತಾನು ಹಿಂದೆಂದೂ ನೋಡದ ಒಂದು ಪುಟವನ್ನು ತಾನೇ ಓದಿ, ಓದಿದ್ದೇನು ಅಂತ ಹೇಳಬೇಕು. ಅಷ್ಟೇ. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಅದನ್ನು ಬಯ್ದರು. ಎಲ್ಲೋ ಕೂತವರು ನಮಗೆ ಪಾಠ ಹೇಳಿಕೊಡ್ತಾರೆ, ನಮ್ಮ ಮಕ್ಕಳ ಕಷ್ಟ ಅವರಿಗೇನು ಗೊತ್ತು ಅಂದರು. ನಾನೊಬ್ಬ ಬಯ್ಯಲಿಲ್ಲ. ಯಾಕೆಂದರೆ ನಮ್ಮದು ಸೋಪಿನ ಕಾರ್ಖಾನೆಯ ಊರು. ಅಪ್ಪನಿಗೆ ಬೇರೆ ಊರಿನ ಕಾರ್ಖಾನೆಗೆ ವರ್ಗವಾದರೆ ಮಗುವೂ ಹೋಗಬೇಕು. ಹೋದ ಕಡೆ ಏನಾಗುತ್ತಿತ್ತು? "ಓ, ಆ ಶಾಲೆಯಿಂದ ಬಂದಿದೀಯಾ" ಅಂತ ಮುಖ ನೋಡಿ ಎರಡು ಕ್ಲಾಸು ಹಿಂದಕ್ಕೆ ಕೂರಿಸುತ್ತಿದ್ದರು. ಮೀಸೆ ಚಿಗುರುತ್ತಿದ್ದ ಹುಡುಗರು ಚಿಕ್ಕ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಿಸಿಕೊಂಡು ಕೂತು, ಒಂದು ತಿಂಗಳು ನಾಚಿಕೊಂಡು, ಆಮೇಲೆ ಶಾಲೆಯನ್ನೇ ಬಿಡುತ್ತಿದ್ದರು. ಎಲ್ಲ ಕಡೆ ಒಂದೇ ಅಳತೆ ಆದರೆ ನಮ್ಮ ಕೊರತೆ ಎಷ್ಟು ಅಂತ ನಮಗೇ ಮೊದಲು ತಿಳಿಯುತ್ತದೆ. ತಿಳಿಯಲಿ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಮಟ್ಟ ಮುಟ್ಟದ ಶಾಲೆಗೆ, ಓದು ಕಲಿಸುವುದೊಂದೇ ಕೆಲಸ ಇರುವ ಟೀಚರೊಬ್ಬರನ್ನು ಹೆಚ್ಚಿಗೆ ಕೊಡುತ್ತೇವೆ ಅಂದಿದ್ದರು. ನನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. ಒಬ್ಬನೇ ಮೇಷ್ಟ್ರು, ಗೋಡೆಯಿಂದ ಗೋಡೆಗೆ ತುಂಬಿದ ಬೆಂಚು. ಓದಲು ಬರುವವರಿಗೆ ಪಾಠ ಹೇಳಿದರೆ ಬಾರದವರು ಕಿಟಕಿ ನೋಡುತ್ತಿದ್ದರು. ಬಾರದವರ ಪಕ್ಕ ಕೂತರೆ ಉಳಿದವರು ಕುಸ್ತಿ ಹಿಡಿಯುತ್ತಿದ್ದರು. ನನಗೆ ಆ ಟೀಚರ್ ಬೇಕಿತ್ತು. ಬಾಯಾರಿದವನಿಗೆ ನೀರು ಬೇಕಾದ ಹಾಗೆ ಬೇಕಿತ್ತು.

ಆದರೆ ಮಟ್ಟ ಮುಟ್ಟದ ಶಾಲೆಗಳ ಹೆಸರು ಎಲ್ಲರೂ ನೋಡುವ ಹಾಗೆ ಪ್ರಕಟವಾಗುತ್ತದೆ. ಅಣ್ಣನ ಸಂಕಟ ಅದು.

"ಸೇತುವೆ ಆಚೆ ಶಾಲೆಯವರು ನಿಜ ಹೇಳಿದರಂತೆ," ಅಂದೆ. "ಅವರಿಗೆ ಟೀಚರ್ ಬರ್ತಾರೆ."

"ಬರಲಿ. ಆ ಶಾಲೆ ಹೆಸರು ಹೇಳಿದ್ರೆ ಊರೆಲ್ಲ ನಗ್ತಾ ಇದೆ. ಟೀ ಅಂಗಡೀಲಿ ಅವರ ಹೆಡ್‌ಮಾಸ್ಟರನ್ನ ಫೇಲ್ ಮೇಷ್ಟ್ರು ಅಂತ ಕರೀತಾರೆ. ನನ್ನನ್ನೂ ಹಾಗೇ ಕರೀಬೇಕಾ?"

"ಕರೀಲಿ! ಕರೆದ್ರೆ ಕಿವಿ ಉದುರಿಹೋಗುತ್ತಾ?"

"ನಿನಗೇನು, ಬಾಯಿಗೆ ಬಂದಿದ್ದು ಹೇಳ್ತೀಯ. ಇಷ್ಟು ವರ್ಷ ಗಂಟೆ ಹೊಡೆದಾಗ ನೀನೂ ಮಕ್ಕಳನ್ನ ಕರ್ಕೊಂಡು ಕೋಣೆ ಬದಲಾಯಿಸಿದವನೇ ಅಲ್ವಾ? ಈಗ ದೊಡ್ಡ ಸತ್ಯವಂತನ ಥರ ಮಾತಾಡ್ಬೇಡ."

"ಆಗ ಅದು ಬರೀ ತೋರಿಕೆ. ಬರೋ ಅಧಿಕಾರಿ ಟೀ ಕುಡಿದು ಹೋಗ್ತಿದ್ದ, ಯಾರಿಗೂ ಏನೂ ನಷ್ಟ ಇರಲಿಲ್ಲ. ಈಗ ಮಕ್ಕಳಿಗೆ ಬರೋದನ್ನ ನಾವೇ ಬಾಗಿಲಲ್ಲಿ ತಡೀತಾ ಇದೀವಿ."

"ಗಂಟೆ ಹೊಡೆದಾಗ ನೀನು ಎದ್ದು ಹೋಗ್ತೀಯ. ಇದು ಆರ್ಡರ್. ಹೋಗು, ಕ್ಲಾಸಿದೆ."

ಗಂಟೆಯ ವಿಷಯ ಹೇಳಬೇಕು. ಇದನ್ನು ಬೇರೆ ಯಾವ ಶಾಲೆಯಲ್ಲೂ ನಾನು ಕಂಡಿಲ್ಲ. ಅಣ್ಣನ ತಲೆಯಿಂದಲೇ ಹುಟ್ಟಿದ ಉಪಾಯ. ಅಧಿಕಾರಿಯ ಗಾಡಿ ತಿರುವಿನಲ್ಲಿ ಕಂಡ ಕೂಡಲೇ ಜವಾನ ಗಂಟೆಯನ್ನು ಬಿಟ್ಟು ಬಿಟ್ಟು ಹೊಡೆಯುತ್ತಿದ್ದ. ಅದು ಕೇಳಿದರೆ ಇಡೀ ಶಾಲೆ ಒಂದು ಕೋಣೆ ಕೆಳಗೆ ಸರಿಯಬೇಕು. ಏಳನೆಯವರು ಆರನೇ ಕ್ಲಾಸಿನ ಕೋಣೆಗೆ, ಆರನೆಯವರು ಐದಕ್ಕೆ, ಐದನೆಯವರು ನಾಲ್ಕಕ್ಕೆ, ಹೀಗೆ. ಒಂದನೇ ಕ್ಲಾಸಿನ ಪುಟಾಣಿಗಳು ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ತುಟಿ ಮೇಲೆ ಬೆರಳಿಟ್ಟುಕೊಂಡು ಕೂರಬೇಕು. ಏಳನೇ ಕೋಣೆಗೆ ಬೀಗ. ಕೇಳಿದರೆ ಏಳನೆಯವರು ಪ್ರವಾಸಕ್ಕೆ ಹೋಗಿದ್ದಾರೆ. ಹೀಗೆ ನಮ್ಮ ಏಳನೆಯವರು ಎಲ್ಲಿಗೂ ಹೋಗದೆ ವರ್ಷ ವರ್ಷವೂ ಪ್ರವಾಸ ಮಾಡಿದರು. ಬಂದವರು ನಾಲ್ಕನೇ ಕೋಣೆಗೆ ಹೋಗಿ ಓದಿಸಿದರೆ ಐದನೇ ಕ್ಲಾಸಿನವರು ಓದುತ್ತಿದ್ದರು. ಹೆಸರು ಕರೆದು ಮುಖ ನೋಡುವಷ್ಟು ಪುರುಸೊತ್ತು ಯಾವ ಅಧಿಕಾರಿಗೂ ಇರಲಿಲ್ಲ.

ಇದನ್ನು ಅಭ್ಯಾಸ ಮಾಡಿಸುತ್ತಿದ್ದೆವು! ಬೆಂಕಿ ಬಿದ್ದರೆ ಹೇಗೆ ಹೊರಗೆ ಓಡಬೇಕು ಅಂತ ಬೇರೆ ಶಾಲೆಯವರು ಮಾಡಿಸುತ್ತಾರಲ್ಲ, ಹಾಗೆ. ಚೀಲ ಎಡಭುಜಕ್ಕೆ, ಚಪ್ಪಲಿ ಸದ್ದು ಮಾಡಬಾರದು, ಗೋಡೆ ಪಕ್ಕ ಸಾಲು. ಗಾಡಿ ಗೇಟಿಗೆ ಬರುವಷ್ಟರಲ್ಲಿ ಎಲ್ಲರೂ ಹೊಸ ಬೆಂಚಿನಲ್ಲಿ ಕೈಕಟ್ಟಿ ಕೂತಿರುತ್ತಿದ್ದರು. ನಮ್ಮ ಶಾಲೆಯ ಮಕ್ಕಳು ಒಬ್ಬರೂ ಬಿಡದೆ, ಒಂದು ತಪ್ಪಿಲ್ಲದೆ ಕಲಿತ ಪಾಠ ಇದ್ದರೆ ಅದೊಂದೇ.

ಇನ್ನು ರೇಡಿಯೋ ವಿಷಯ. ರೇಡಿಯೋ ಅಂದರೆ ಅಣ್ಣನ ಮಗಳು. ನನ್ನ ಕ್ಲಾಸಿನಲ್ಲೇ, ಎರಡನೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ನಾನು ಅವಳಿಗೆ ಚಿಕ್ಕಪ್ಪ, ಶಾಲೆಯಲ್ಲಿ ಮೇಷ್ಟ್ರು. ಒಂದು ಸಲ ಕಿವಿಗೆ ಬಿದ್ದದ್ದನ್ನು ಇದ್ದ ಹಾಗೇ ಒಪ್ಪಿಸುತ್ತಿದ್ದಳು. ಪಕ್ಕದ ಮನೆಯವರ ಜಗಳವನ್ನು ಗಂಡನ ದನಿ ಹೆಂಡತಿಯ ದನಿ ಎರಡರಲ್ಲೂ ಹೇಳುತ್ತಿದ್ದಳು. ಅದಕ್ಕೇ ಆ ಹೆಸರು. ಅಣ್ಣನಿಗೆ ಅವಳೆಂದರೆ ಪ್ರಾಣ. ಮನೆಗೆ ಯಾರು ಬಂದರೂ "ರೇಡಿಯೋ, ಆ ಇರುವೆ ಪಾಠ ಓದಮ್ಮ" ಅನ್ನುತ್ತಿದ್ದ. ಅವಳು ಪುಸ್ತಕ ತೆರೆದು, ಬೆರಳಿಟ್ಟು, ಪುಟ ತಿರುವಬೇಕಾದ ಜಾಗದಲ್ಲಿ ಸರಿಯಾಗಿ ತಿರುವಿ, ಗಡಗಡನೆ ಓದುತ್ತಿದ್ದಳು. ಬಂದವರು ಬೆರಗಾಗುತ್ತಿದ್ದರು.

ಅವಳಿಗೆ ಓದಲು ಬರುತ್ತಿರಲಿಲ್ಲ. ತನ್ನ ಪಕ್ಕದ ಬೆಂಚಿನ ಹುಡುಗ ಓದಿದ್ದನ್ನು ಕೇಳಿಸಿಕೊಂಡು ಹೇಳುತ್ತಿದ್ದಳು. ಅದು ನನಗೆ ತಿಳಿದದ್ದು, ಒಂದು ದಿನ ಬೋರ್ಡಿನ ಮೇಲೆ ಪಾಠದಲ್ಲಿಲ್ಲದ ಒಂದು ಸಾಲು ಬರೆದು ಅವಳನ್ನು ಎಬ್ಬಿಸಿದಾಗ. ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು, "ಮೇಷ್ಟ್ರೇ, ಹೊಟ್ಟೆ ನೋವು" ಅಂದಳು. ಆಮೇಲೆ ನೋಡಿದರೆ ಹೊಸದು ಬಂದಾಗಲೆಲ್ಲ ಹೊಟ್ಟೆ ನೋವು.

ಇದನ್ನು ಅಣ್ಣನಿಗೆ ಹೇಳಿದೆ. ನಕ್ಕ. "ನಿನಗೆ ಯಾರೂ ಬುದ್ಧಿವಂತರು ಅಂದ್ರೆ ಆಗಲ್ಲ, ಚಿಕ್ಕಂದಿನಿಂದ ನೋಡಿದೀನಿ" ಅಂದ. ಅತ್ತಿಗೆಗೆ ಹೇಳಲು ಅವರು ಕೆಲಸ ಮಾಡುವ ಔಷಧಿ ಅಂಗಡಿಗೇ ಹೋದೆ. ಅವರು ಕೌಂಟರಿನ ಹಿಂದೆ ನಿಂತು ಒಬ್ಬ ಮುದುಕನಿಗೆ ಮಾತ್ರೆಯ ಪಟ್ಟಿ ಕತ್ತರಿಸಿ ಕೊಡುತ್ತಿದ್ದರು. ಬೆಳಿಗ್ಗೆ ಯಾವುದು, ಊಟ ಆದ ಮೇಲೆ ಯಾವುದು ಅಂತ ಮೂರು ಸಲ ಹೇಳಿ, ಅವನ ಬಾಯಲ್ಲೂ ಒಂದು ಸಲ ಹೇಳಿಸಿ ಕಳಿಸಿದರು. ನನ್ನ ಮಾತು ಕೇಳಿದ ಮೇಲೆ ಕತ್ತರಿಯನ್ನು ಟಪ್ಪನೆ ಇಟ್ಟರು.

"ದಿನಾ ಸಂಜೆ ನಾನು ಈರುಳ್ಳಿ ಹೆಚ್ಚುವಾಗ ಪಕ್ಕದಲ್ಲಿ ಕೂತು ಓದ್ತಾಳೆ ಕಣಪ್ಪ. ನನ್ನ ಕಿವಿಯಾರೆ ಕೇಳ್ತೀನಿ."

"ಕಿವಿಯಾರೆ ಕೇಳ್ತೀರ ಅತ್ತಿಗೆ. ಒಂದು ದಿನ ಕಣ್ಣಾರೆ ನೋಡಿ. ಅವಳು ನೋಡದೇ ಇರೋದೇನಾದ್ರೂ ಓದಿಸಿ."

"ನಿಮ್ಮಣ್ಣನ ಮೇಲಿನ ಸಿಟ್ಟನ್ನ ಮಗು ಮೇಲೆ ತೀರಿಸ್ಕೋಬೇಡ. ಅಂಗಡೀಲಿ ಜನ ಇದಾರೆ, ಹೋಗು."

ಹೋದೆ. ಉರಿಯುತ್ತ ಹೋದೆ.

ಮಾನದಂಡದ ಅಧಿಕಾರಿ ಬಂದದ್ದು ಒಂದು ಬೆಳಿಗ್ಗೆ, ಹಾಜರಿ ಮುಗಿದ ಸ್ವಲ್ಪ ಹೊತ್ತಿಗೆ. ಗಂಟೆ ಬಿಟ್ಟು ಬಿಟ್ಟು ಬಾರಿಸಿತು. ನಾನು ಬಾಗಿಲಿಗೆ ಅಡ್ಡ ನಿಂತೆ. "ಯಾರೂ ಏಳಬೇಡಿ, ಕೂತ್ಕೊಳ್ಳಿ!" ಅಂದೆ. ಯಾರು ಕೇಳುತ್ತಾರೆ? ಚೀಲ ಎಡಭುಜಕ್ಕೆ ಏರಿತ್ತು. ಮಕ್ಕಳು ನನ್ನ ಕಂಕುಳ ಕೆಳಗೆ ನುಸುಳಿ, ಚಪ್ಪಲಿ ಸದ್ದಿಲ್ಲದೆ, ಗೋಡೆ ಪಕ್ಕ ಸಾಲಾಗಿ ಮೂರನೇ ಕೋಣೆಗೆ ನಡೆದುಬಿಟ್ಟರು. ನಾನು ಹೇಳಿದ ಮಗ್ಗಿ ಮರೆಯುತ್ತಿದ್ದವರು, ನಾನು ಹೇಳಿದ ಅಕ್ಷರ ಮರೆಯುತ್ತಿದ್ದವರು, ಇದೊಂದನ್ನು ಮರೆಯಲಿಲ್ಲ. ಆ ಕಡೆಯಿಂದ ಐದನೆಯವರು ಬಂದು ನನ್ನ ಖಾಲಿ ಬೆಂಚುಗಳಲ್ಲಿ ಕೂತರು. ಅವರಲ್ಲೊಬ್ಬಳು, "ಮೇಷ್ಟ್ರೇ, ನೀವು ಆ ಕೋಣೆಗೆ ಹೋಗ್ಬೇಕು" ಅಂತ ನನಗೇ ದಾರಿ ತೋರಿಸಿದಳು. ಹಲ್ಲು ಕಚ್ಚಿಕೊಂಡು ಹೋದೆ.

ಅಧಿಕಾರಿ ಒಬ್ಬ ಹೆಂಗಸು. ಕನ್ನಡಕ, ಧೂಳು ಹಿಡಿದ ಚಪ್ಪಲಿ, ಕಂಕುಳಲ್ಲಿ ಒಂದು ರಟ್ಟಿನ ಫೈಲು. ಅದರಲ್ಲಿ ಪ್ರತಿ ತರಗತಿಗೂ ಹೊಸ ಪುಟಗಳಿದ್ದವು. ಯಾವ ಪಠ್ಯದಲ್ಲೂ ಇಲ್ಲದವು. ಅಣ್ಣ ಅವರ ಹಿಂದೆಯೇ, ಮುಖದ ತುಂಬ ನಗು. ನಾಲ್ಕನೇ ಕೋಣೆಯಲ್ಲಿ ಐದನೆಯವರು ತಡವರಿಸಿಕೊಂಡಾದರೂ ಓದಿದರಂತೆ. ಅಲ್ಲಿಂದ ನಾನಿದ್ದ ಮೂರನೇ ಕೋಣೆಗೆ ಬಂದರು. ಒಳಗೆ ಕೂತಿದ್ದವರು ನನ್ನ ನಾಲ್ಕನೇ ಕ್ಲಾಸಿನವರು. ಕೆಲವರ ಮಂಡಿ ಡೆಸ್ಕಿಗೆ ತಾಗುತ್ತಿತ್ತು. ಮೇಡಂ ಅದನ್ನು ನೋಡಿದರು. ನೋಡಿದ್ದನ್ನು ನಾನು ನೋಡಿದೆ.

"ನೀನು ಓದು ಮರಿ," ಅಂತ ಒಂದು ಪುಟ ತೆಗೆದು ರೇಡಿಯೋಳ ಮುಂದೆ ಇಟ್ಟರು.

ಅಣ್ಣನ ನಗು ಇನ್ನಷ್ಟು ಅಗಲವಾಯಿತು. ಮಗಳು ಅಪ್ಪನ ಮುಖ ನೋಡಿದಳು. ಈ ಸಲ ಹೊಟ್ಟೆ ನೋವು ಅನ್ನಲಿಲ್ಲ. ಅಪ್ಪ ಅಷ್ಟು ಖುಷಿಯಿಂದ ನಿಂತಿರುವಾಗ ಹೇಗೆ ಅಂದಾಳು? ಪುಟದ ಮೇಲೆ ಬೆರಳಿಟ್ಟು, ಬೆನ್ನು ನೆಟ್ಟಗೆ ಮಾಡಿ, ಗಡಗಡನೆ ಶುರು ಮಾಡಿದಳು. ಇರುವೆ ಸಕ್ಕರೆ ಹರಳು ಹೊತ್ತದ್ದು, ದಾರಿಯಲ್ಲಿ ಎಲೆ ಅಡ್ಡ ಬಂದದ್ದು, ಗೆಳತಿ ಇರುವೆ ಬಂದು ಸಹಾಯ ಮಾಡಿದ್ದು. ಸಾಲಿನಿಂದ ಸಾಲಿಗೆ ಬೆರಳು ಸರಿಯುತ್ತಲೇ ಇತ್ತು. ಒಂದು ಜಾಗದಲ್ಲಿ ಪುಟವನ್ನು ತಿರುವಿ ಹಿಂಬದಿ ಹಾಕಿದಳು. ಹಿಂಬದಿ ಖಾಲಿ. ಖಾಲಿ ಕಾಗದದ ಮೇಲೆ ಬೆರಳು ಓಡಿಸುತ್ತ ಪಾಠ ಮುಗಿಸಿ, ಕೈಕಟ್ಟಿ ಕೂತಳು.

ಪುಟದಲ್ಲಿದ್ದದ್ದು ಒಬ್ಬ ದೋಣಿಯವನ ಕತೆ. ಮೇಲೆ ದೋಣಿಯ ಚಿತ್ರ ಬೇರೆ ಇತ್ತು.

ಅಣ್ಣ ಚಪ್ಪಾಳೆ ತಟ್ಟಿದ. "ಹೇಗಿದೆ ಮೇಡಂ ನಮ್ಮ ಮೂರನೇ ಕ್ಲಾಸು!" ಅಂದ. ಅವನು ನಿಂತ ಕಡೆಯಿಂದ ಪುಟ ಕಾಣುತ್ತಿರಲಿಲ್ಲ. ಅಥವಾ ಕಂಡಿತ್ತೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮೇಡಂ ಪುಟ ತಗೊಂಡು, ಮಗುವಿನ ತಲೆ ಸವರಿ, "ಚೆನ್ನಾಗಿ ಹೇಳ್ದೆ" ಅಂದರು. ಹೊರಗೆ ಹೊರಟರು. ನಾನು ಜಗುಲಿಯಲ್ಲಿ ಅಡ್ಡ ಹಾಕಿದೆ.

"ಮೇಡಂ, ಇದು ಮೂರನೇ ಕ್ಲಾಸಲ್ಲ. ನಾಲ್ಕನೇದು. ನಾನು ಈ ಮಕ್ಕಳ ಮೇಷ್ಟ್ರು. ಇವರಲ್ಲಿ ಅರ್ಧ ಜನಕ್ಕೆ ಓದಕ್ಕೆ ಬರಲ್ಲ. ಮಟ್ಟ ಮುಟ್ಟಿಲ್ಲ ಅಂತ ಬರೀರಿ. ಟೀಚರ್ ಕಳಿಸಿ."

"ಲೋ!" ಅಂದ ಅಣ್ಣ. ಇಷ್ಟು ವರ್ಷದಲ್ಲಿ ಮೊದಲ ಸಲ ಶಾಲೆಯೊಳಗೆ ಅವನ ಬಾಯಲ್ಲಿ ಮನೆಯ ಮಾತು ಬಂತು.

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಮಂಡಿ ನೋಡಿದಾಗಲೇ ಗೊತ್ತಾಯ್ತು ಮೇಷ್ಟ್ರೇ," ಅಂದರು. "ನಾನು ಈ ಕೆಲಸಕ್ಕೆ ನಿನ್ನೆ ಬಂದವಳಲ್ಲ. ಆದ್ರೆ ನೀವು ಹೇಳಿದ್ದನ್ನ ಬರೆದರೆ, ಮಟ್ಟ ಮುಟ್ಟಿಲ್ಲ ಅಂತ ಬರೆದ ಹಾಗಾಗಲ್ಲ. ಮೋಸ ಅಂತ ಬರೆದ ಹಾಗಾಗುತ್ತೆ. ವಿಚಾರಣೆ ಬರುತ್ತೆ. ಇವರ ಕೆಲಸ ಹೋಗುತ್ತೆ. ಬರೀಲಾ?"

"ಬರೀರಿ," ಅಂದೆ.

ಅಣ್ಣ ನನ್ನನ್ನು ನೋಡಿದ ನೋಟ ಹೇಳಲಾರೆ. ನಾನು ತಲೆ ತಗ್ಗಿಸಲಿಲ್ಲ.

"ಇವರು ನಿಮಗೇನಾಗ್ಬೇಕು?" ಅಂದರು ಮೇಡಂ. ಮುಖದ ಹೋಲಿಕೆ ಕಂಡಿರಬೇಕು.

"ಅಣ್ಣ."

ಅವರು ನಿಟ್ಟುಸಿರು ಬಿಟ್ಟು ಕನ್ನಡಕ ಹಾಕಿಕೊಂಡರು. "ಮನೆ ಜಗಳ ಮನೇಲಿ ಮುಗಿಸಿ. ನನ್ನ ಸರಹದ್ದಿನಲ್ಲಿ ಒಂದು ಶಾಲೆ ಮಟ್ಟ ಮುಟ್ಟಿಲ್ಲ ಅಂತ ಬರೆದಿದ್ದಕ್ಕೇ ಮೇಲಿನವರು ನನ್ನ ಕರೆಸಿ ಉಗಿದಿದಾರೆ. ಇನ್ನೊಂದಕ್ಕೆ ನನ್ನ ಹತ್ರ ಮುಖ ಇಲ್ಲ." ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಗಾಡಿಯಲ್ಲಿ ಕೂತೇ ಏನೋ ಗೀಚಿದರು. ಮಟ್ಟ ಮುಟ್ಟಿದೆ ಅಂತ. ದೋಣಿಯವನ ಪುಟ ಅವರ ಕೈಯಿಂದ ಜಾರಿ ಗೇಟಿನ ಬಳಿ ಬಿತ್ತು. ಬೀಳಿಸಿದರೋ, ಬಿತ್ತೋ. ನಾನು ಎತ್ತಿಕೊಂಡೆ.

ಯಾರ ಮೇಲೆ ಸಿಟ್ಟು ಮಾಡಲಿ? ಅಳತೆಗೋಲು ಕಳಿಸಿದವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅದನ್ನು ಹಿಡಿದವರು, ಅಳೆಯುವವರು, ಅಳೆಸಿಕೊಳ್ಳುವವರು, ಒಬ್ಬರ ಕಣ್ಣಿಗೆ ಇನ್ನೊಬ್ಬರು ಬಟ್ಟೆ ಕಟ್ಟುತ್ತ ನಿಂತ ನಮ್ಮೆಲ್ಲ ದೊಡ್ಡವರ ಮೇಲೆ ಇತ್ತು. ನಡುವೆ ಒಂದು ಮಗು ಖಾಲಿ ಕಾಗದದ ಮೇಲೆ ಬೆರಳು ಓಡಿಸಿತ್ತು.

ಸಂಜೆ ಅಣ್ಣನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದರು. ರೇಡಿಯೋ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅಣ್ಣ ಹಜಾರದಿಂದಲೇ ಕೂಗಿದ. "ಯಾವ ಮುಖ ಇಟ್ಕೊಂಡು ಬಂದೆ? ಒಡಹುಟ್ಟಿದವನ ಅನ್ನ ಕಿತ್ಕೊಳ್ಳೋಕೆ ನಿಂತಿದ್ದೆಯಲ್ಲೋ!"

"ನಿನ್ನ ಹತ್ರ ಮಾತಾಡಕ್ಕೆ ಬಂದಿಲ್ಲ," ಅಂತ ನೇರ ಒಳಗೆ ಹೋಗಿ ಪುಟವನ್ನು ಅತ್ತಿಗೆಯ ಕೈಯಲ್ಲಿಟ್ಟೆ. "ಕಣ್ಣಾರೆ ನೋಡಿ ಅತ್ತಿಗೆ. ಆಮೇಲೆ ನನ್ನನ್ನ ಹೊರಗೆ ತಳ್ಳಿ."

ಅತ್ತಿಗೆ ಕೈ ಒರೆಸಿಕೊಂಡು ಪುಟ ಓದಿಕೊಂಡರು. ನನ್ನ ಮುಖ ನೋಡಿದರು. ಬೇಡ ಅನ್ನುತ್ತಾರೆ ಅಂದುಕೊಂಡೆ. ಪುಟವನ್ನು ಮಗಳ ತೊಡೆಯ ಮೇಲಿಟ್ಟರು. "ಓದು ಕಂದ."

"ಇರುವೆ ಒಂದು ದಿನ ಬೆಳಿಗ್ಗೆ..."

"ಇಲ್ಲಿ ಇರುವೆ ಎಲ್ಲಿದೆ? ತೋರ್ಸು."

ರೇಡಿಯೋಳ ಬೆರಳು ನಿಂತಿತು. "ಅಕ್ಷರ ಗೊತ್ತಮ್ಮ ನನಗೆ," ಅಂದಳು. "ಒಂದೊಂದೇ ಗೊತ್ತು. ಇದು ದ. ಇದು ಣ. ಸೇರಿಸಕ್ಕೆ ಹೋದ್ರೆ ಎಲ್ಲ ಓಡೋಗುತ್ತೆ."

"ಯಾಕೆ ಹೇಳ್ಲಿಲ್ಲ?"

"ಅಪ್ಪ ಎಲ್ಲರ ಮುಂದೆ ಓದ್ಸುವಾಗ ಎಷ್ಟು ನಗ್ತಾರೆ..."

ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವನು ಆಗ ಒಂದು ಮಾತು ಆಡಬಹುದಿತ್ತು. ಮಗಳನ್ನು ಎತ್ತಿಕೊಳ್ಳಬಹುದಿತ್ತು. "ಐದನೇ ಕ್ಲಾಸಿಗೆ ಹೋದ್ರೆ ತಾನಾಗೇ ಬರುತ್ತೆ," ಅಂದ. "ಕೆಲವು ಮಕ್ಕಳಿಗೆ ತಡ. ಇದನ್ನ ಇಬ್ಬರೂ ಹೊರಗೆ ಬಾಯಿಬಿಡಬೇಡಿ. ಮುಂದಿನ ವಾರ ಶಾಲೆಗೆ ಮಟ್ಟ ಮುಟ್ಟಿದೆ ಅಂತ ಬೋರ್ಡು ಹಾಕ್ತಾರೆ."

ಅತ್ತಿಗೆ ಒಲೆ ಆರಿಸಿದರು. ನನಗೆ ಸಿಟ್ಟು ಬಂದರೆ ಬೀದಿಗೆಲ್ಲ ಕೇಳುತ್ತದೆ. ಅವರಿಗೆ ಬಂದರೆ ಪಾತ್ರೆ ಮುಚ್ಚುವ ಸದ್ದೂ ಕೇಳುವುದಿಲ್ಲ ಅಂತ ಆವತ್ತು ತಿಳಿಯಿತು.

ಬೋರ್ಡು ಹಾಕುವ ದಿನ ಗೇಟಿನ ಪಕ್ಕದ ಗೋಡೆಗೆ ಬಡಗಿಯೊಬ್ಬ ಮೊಳೆ ಹೊಡೆಯುತ್ತಿದ್ದ. "ರಾಷ್ಟ್ರೀಯ ಕಲಿಕಾ ಮಟ್ಟ ಮುಟ್ಟಿದ ಶಾಲೆ" ಅಂತ ಹೊಳೆಯುವ ತಗಡು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಗಾಳಿ ಕಾರ್ಖಾನೆ ಕಡೆಯಿಂದ ಬೀಸುತ್ತಿತ್ತು, ಎಲ್ಲಕ್ಕೂ ಸೋಪಿನ ವಾಸನೆ. ರೇಡಿಯೋ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅತಿಥಿಗಳು ಬಂದಾಗ ಸ್ವಾಗತ ಭಾಷಣವನ್ನು ಅವಳೇ ಓದಬೇಕು ಅಂತ ಅಪ್ಪ ಗೊತ್ತುಮಾಡಿದ್ದ. ಕೈಯಲ್ಲಿ ಒಂದು ಹಾಳೆ ಬೇರೆ ಕೊಟ್ಟಿದ್ದ. ಎಲ್ಲ ಗೊತ್ತಾದ ಮೇಲೂ ಕೊಟ್ಟಿದ್ದ! ನಾನು ಅದನ್ನು ನೋಡಿ, "ನಾಚಿಕೆ ಆಗಲ್ವಾ ನಿನಗೆ?" ಅಂತ ಅವನ ಕಿವಿಯಲ್ಲೇ ಹೇಳಿದೆ. "ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು, ನಿನ್ನ ಕಾಲಿಗೆ ಬೀಳ್ತೀನಿ," ಅಂದ. ಅವನ ಹಣೆಯ ತುಂಬ ಬೆವರು.

ಆಗ ಅತ್ತಿಗೆ ಗೇಟಿನಲ್ಲಿ ಬಂದರು. ಔಷಧಿ ಅಂಗಡಿಯ ಬಿಳಿ ಕೋಟನ್ನು ಬಿಚ್ಚದೆ ಬಂದಿದ್ದರು. ಬಡಗಿ ಸುತ್ತಿಗೆ ತಗ್ಗಿಸಿ ದಾರಿ ಬಿಟ್ಟ. ನೇರ ಅಣ್ಣನ ಮುಂದೆ ಬಂದು ನಿಂತರು.

"ರೀ, ಮಗಳ ಟಿ.ಸಿ. ಕೊಡಿ."

"ಏನು?"

"ಟಿ.ಸಿ. ಕೇಳ್ತಿದೀನಿ. ಬೇರೆ ಶಾಲೆಗೆ ಸೇರಿಸ್ತೀನಿ."

ಅಣ್ಣ ಸುತ್ತ ನೋಡಿದ. ಟೀಚರುಗಳೆಲ್ಲ ಮೋಡ ನೋಡುವವರ ಹಾಗೆ ನಿಂತು ಕಿವಿ ನಿಮಿರಿಸಿದ್ದರು. "ತಲೆ ಕೆಟ್ಟಿದೆಯೇನೇ? ಅತಿಥಿಗಳು ಬರೋ ಹೊತ್ತು. ಯಾವ ಶಾಲೆಗೆ?"

"ಸೇತುವೆ ಆಚೆ."

"ಆ ಫೇಲ್ ಶಾಲೆಗಾ!"

"ಹೂಂ, ಅದಕ್ಕೇ. ಅಲ್ಲಿ ಓದು ಕಲಿಸಕ್ಕೆ ಅಂತಲೇ ಟೀಚರ್ ಬಂದಿದಾರೆ. ನಿನ್ನೆ ಹೋಗಿ ನೋಡ್ಕೊಂಡು ಬಂದೆ. ಚಿಕ್ಕ ಹುಡುಗಿ, ನೆಲದ ಮೇಲೆ ಕೂತು ಒಂದೊಂದೇ ಮಗೂನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಕೊಡ್ತಾಳೆ. ನಮ್ಮವಳ ಥರದವರು ಅಲ್ಲಿ ಸುಮಾರು ಜನ ಇದಾರೆ. ಯಾರೂ ಹೊಟ್ಟೆ ನೋವು ಅಂತ ಹೇಳ್ಬೇಕಾಗಿಲ್ಲ."

"ಹೆಡ್‌ಮಾಸ್ಟರ ಮಗಳು ಹೆಡ್‌ಮಾಸ್ಟರ ಶಾಲೆ ಬಿಟ್ಟು ಹೋದ್ರೆ ಜನ ಏನಂತಾರೆ? ನಾನು ಸಹಿ ಹಾಕಲ್ಲ."

"ಹಾಕ್ಬೇಡಿ. ಕೇಳಿದ್ದು ಮರ್ಯಾದೆಗೆ. ಈಗ ಎಲ್ಲ ಕಡೆ ಒಂದೇ ಮಟ್ಟ ಅಲ್ವಾ? ಮಧ್ಯೆ ಯಾವಾಗ ಬಂದ್ರೂ ಸೇರಿಸ್ಕೋತೀವಿ, ಟಿ.ಸಿ. ಆಮೇಲೆ ತರಿಸ್ಕೋತೀವಿ ಅಂದ್ರು ಅವರು. ಹಿಂದಕ್ಕೂ ಕೂರ್ಸಲ್ಲ, ಮುಂದಕ್ಕೂ ಕೂರ್ಸಲ್ಲ, ಅವಳ ಕ್ಲಾಸಲ್ಲೇ ಕೂರ್ತಾಳೆ ಅಂದ್ರು."

ನನಗೆ ಜೋರಾಗಿ ನಗಬೇಕು ಅನ್ನಿಸಿತು. ನಮ್ಮ ಶಾಲೆಗೆ ಬರದಂತೆ ಅಣ್ಣ ಅಷ್ಟೆಲ್ಲ ತಡೆದಿದ್ದ ಮಾನದಂಡ, ಅವನ ಮನೆಯ ಅಡುಗೆಮನೆ ಬಾಗಿಲಿನಿಂದಲೇ ಒಳಗೆ ಬಂದು ಕೆಲಸ ಮಾಡಿತ್ತು. ಆದರೆ ನಗು ಬರಲಿಲ್ಲ. ನನ್ನ ಕ್ಲಾಸಿನ ಉಳಿದವರು ಅಲ್ಲೇ ಬಿಸಿಲಿನಲ್ಲಿ ನಿಂತಿದ್ದರು. ಅವರ ತಾಯಂದಿರು ಕಾರ್ಖಾನೆಯಲ್ಲಿ ಸೋಪಿಗೆ ಕಾಗದ ಸುತ್ತುತ್ತಿದ್ದರು. ಮಗು ಮಟ್ಟ ಮುಟ್ಟಿದೆ ಅಂತ ಅವರು ನಂಬಿದ್ದರು, ಗೋಡೆಯ ಮೇಲೆ ತಗಡಿತ್ತಲ್ಲ.

"ಅಮ್ಮ, ಭಾಷಣ?" ಅಂದಳು ರೇಡಿಯೋ. ಅವಳಿಗೆ ಅದು ಪೂರ್ತಿ ಬಾಯಿಪಾಠವಾಗಿತ್ತು.

"ಬೇಡ ಕಂದ. ಆ ಹಾಳೆ ಅಪ್ಪನಿಗೆ ಕೊಡು, ಅವರಿಗೆ ಓದಕ್ಕೆ ಬರುತ್ತೆ."

ಮಗಳು ಹಾಳೆ ಕೊಟ್ಟಳು. ಅಣ್ಣ ತಗೊಂಡ. ತಗೊಂಡ ಕೈ ಹಾಗೇ ಮುಂದೆ ಚಾಚಿ ನಿಂತಿತ್ತು. ಅತ್ತಿಗೆ ಮಗಳ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಅವಳ ಕೈ ಹಿಡಿದು ಅಂಗಳದ ನಡುವೆಯೇ ನಡೆದರು.

"ಹೋಗೋ, ಕರ್ಕೊಂಡು ಬಾ ಅವರನ್ನ!" ಅಂದ ಅಣ್ಣ ನನಗೆ.

"ನೀನೇ ಹೋಗು."

"ನಿನ್ನಿಂದಲೇ ಇದೆಲ್ಲ! ನಿನ್ನ ಹಾಳು ಬಾಯಿಂದ!"

"ಹೌದು, ನನ್ನ ಬಾಯಿಂದಲೇ. ಇವತ್ತು ಇನ್ನೂ ತೆಗೀತೀನಿ ನೋಡ್ತಿರು. ಸಂಜೆ ಪಾಳಿ ಬಿಡುವಾಗ ಕಾರ್ಖಾನೆ ಗೇಟಲ್ಲಿ ನಿಂತ್ಕೋತೀನಿ. ಒಬ್ಬೊಬ್ಬ ತಾಯಿಗೂ ಹೇಳ್ತೀನಿ, ನಿಮ್ಮ ಮಗೂಗೆ ಓದಕ್ಕೆ ಬರಲ್ಲ, ಸೇತುವೆ ಆಚೆ ಕರ್ಕೊಂಡು ಹೋಗಿ ಅಂತ. ಆಮೇಲೆ ನನ್ನ ಕೆಲಸ ಕಿತ್ಕೋ, ನಿನ್ನ ಕೈಲಾಗಿದ್ದು ಮಾಡ್ಕೋ."

ಅಣ್ಣ ಅವರ ಹಿಂದೆ ನಾಲ್ಕು ಹೆಜ್ಜೆ ಓಡಿದ. ಅಷ್ಟರಲ್ಲಿ ಅತಿಥಿಗಳ ಗಾಡಿ ಗೇಟಿಗೆ ಬಂತು. ಬಾಗಿಲು ತೆರೆದು ಯಾರೋ ಕೈ ಚಾಚಿದರು. ಅಣ್ಣ ನಿಂತ. ಹೆಂಡತಿಯ ಬೆನ್ನು ನೋಡಿದ, ಚಾಚಿದ ಕೈ ನೋಡಿದ, ಕೈ ಕುಲುಕಿದ. ನಕ್ಕ ಕೂಡ.

ತಾಯಿ ಮಗಳು ಗಾಡಿಯ ಪಕ್ಕದಿಂದ ಸರಿದು ರಸ್ತೆಗಿಳಿದರು. ಸೇತುವೆಯ ಕಡೆ ತಿರುಗಿದರು. ಅಣ್ಣ ಒಳಗೆ ಬರುವಾಗ ಒಂದು ಸಲ ತಿರುಗಿ ನೋಡಿದ. ಅವರು ನೋಡಲಿಲ್ಲ. ಆವತ್ತು ಹೋದ ಮಗು ನಮ್ಮ ಶಾಲೆಯ ಗೇಟಿನೊಳಗೆ ಮತ್ತೆ ಕಾಲಿಡಲಿಲ್ಲ.